ಚಾಕೊಲೇಟ್ ಪೊಟ್ಟಣವನ್ನು ಓದಿ ಕೊಳ್ಳುವ ಬಗೆ

ಚಾಕೊಲೇಟನ್ನು ಬುಟ್ಟಿಗೆ ಹಾಕುವ ಮೊದಲು ಅದು ಎಲ್ಲಿಂದ, ಯಾರ ದುಡಿಮೆಯಿಂದ ಬಂತು ಎಂದು ಕೇಳಿಕೊಂಡು ಪೊಟ್ಟಣದ ಹಿಂಬದಿಯನ್ನು ಓದಿರಿ. ಪದಾರ್ಥಗಳನ್ನು ಅಲ್ಲಿ ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಸಕ್ಕರೆಯ ಬೆನ್ನಿಗೇ ಹೈಡ್ರೋಜನೀಕೃತ ಸಸ್ಯಜನ್ಯ ಕೊಬ್ಬು ಕಾಣಿಸಿದರೆ ಅದು ಬೇಕರಿಯವರು ‘ಕಾಂಪೌಂಡ್’ ಎನ್ನುವ ಸರಕು. ಅದರಲ್ಲಿ ಕೊಕ್ಕೊ ಬೆಣ್ಣೆಯ (ಕೊಕ್ಕೊ ಬೀಜದ ಕೊಬ್ಬಿನ) ಜಾಗದಲ್ಲಿ ಹೆಚ್ಚಾಗಿ ತಾಳೆ ಎಣ್ಣೆಯ ಕೊಬ್ಬಿರುವುದರಿಂದ ನಿಮ್ಮ ಪ್ರಶ್ನೆ ತಾಳೆ ತೋಟಗಳಿಗಾಗಿ ಕಡಿದ ಇಂಡೋನೇಷ್ಯಾ, ಮಲೇಷ್ಯಾಗಳ ಕಾಡಿನ ಕಡೆಗೆ ಹೊರಳಬೇಕಾಗುತ್ತದೆ.

ಕೊಕ್ಕೊ ಬೆಣ್ಣೆಯೇ ಇದ್ದರೆ ಬೀಜ ಎಲ್ಲಿಯದೆಂದು ಹುಡುಕಿರಿ. ‘ಬೆಲ್ಜಿಯಂನಲ್ಲಿ ತಯಾರಾದದ್ದು’ ಎಂಬುದು ಇದಕ್ಕೆ ಉತ್ತರವಲ್ಲ. ಬೆಲ್ಜಿಯಂನ ಚಳಿಗೆ ಕೊಕ್ಕೊ ಬೆಳೆಯುವುದಿಲ್ಲ. ಜಗತ್ತಿನ ಕೊಕ್ಕೊದ ಸುಮಾರು ಅರ್ಧ ಐವರಿ ಕೋಸ್ಟ್ ಮತ್ತು ಘಾನಾದಿಂದ ಬರುತ್ತದೆ. ಮಕ್ಕಳನ್ನು ಅತಿ ಕೆಟ್ಟ ರೀತಿಯಲ್ಲಿ ದುಡಿಸದೆ ಬೆಳೆದ ಬೀಜವನ್ನು ದೃಢೀಕರಿಸುವ ವ್ಯವಸ್ಥೆಯನ್ನು 2005ರೊಳಗೆ ತರುವುದಾಗಿ 2001ರಲ್ಲಿ ಒಪ್ಪಿಕೊಂಡಿದ್ದ ಚಾಕೊಲೇಟ್ ಉದ್ಯಮ ಆ ಗಡುವನ್ನು ಮೀರಿತು. 2018-19ರ ಹಂಗಾಮಿನಲ್ಲಿ ಈ ಎರಡು ದೇಶಗಳ ಕೊಕ್ಕೊ ಕೃಷಿಯಲ್ಲಿ ಸುಮಾರು 15.6 ಲಕ್ಷ ಬಾಲಕಾರ್ಮಿಕರಿದ್ದರೆಂದು ಅಧ್ಯಯನವೊಂದು ಅಂದಾಜಿಸಿತು. ಇವರಲ್ಲಿ ಬಹುಪಾಲು ಮಕ್ಕಳು ದುಡಿಯುವುದು ಮನೆಯವರ ತೋಟದಲ್ಲಿಯೇ, ಏಕೆಂದರೆ ಕೂಲಿಯವರನ್ನು ಕರೆಯುವಷ್ಟು ಬೆಲೆ ಬೀಜಕ್ಕೆ ಸಿಗುವುದಿಲ್ಲ. ಹಾಗಾಗಿ ಕೊಳ್ಳುವುದನ್ನೇ ನಿಲ್ಲಿಸಿದರೆ ಮೊದಲ ಪೆಟ್ಟು ಬೀಳುವುದು ಅದೇ ಮನೆಗೆ ಎಂಬುದು ನನ್ನ ಅಭಿಪ್ರಾಯ.

ನ್ಯಾಯಯುತ ವ್ಯಾಪಾರದ ಗುರುತಾದ ಫೇರ್‌ಟ್ರೇಡ್ ಮುದ್ರೆಯನ್ನು ಕಂಡರೆ ಬೆಳೆಗಾರರ ಸಂಘಕ್ಕೆ ಕನಿಷ್ಠ ಬೆಲೆ ಮತ್ತು ಅದರ ಮೇಲೆ ಹೆಚ್ಚುವರಿ ಹಣ ಸಂದಿದೆ ಎಂದು ತಿಳಿಯಬಹುದು. ಆದರೆ ನಿಮ್ಮ ಕೈಯಲ್ಲಿರುವ ತುಂಡಿನಲ್ಲಿ ಆ ಸಂಘದ ಬೀಜವೇ ಇದೆ ಎಂದು ತಿಳಿಯಬಾರದು. ಕೊಕ್ಕೊಗೆ ಲೆಕ್ಕದ ಹೊಂದಾಣಿಕೆಗೆ ಅವಕಾಶವಿದೆ: ಮುದ್ರೆಗೆ ಅರ್ಹವಾದ ಬೀಜ ಮತ್ತು ಸಾಮಾನ್ಯ ಬೀಜ ಕಾರ್ಖಾನೆಯಲ್ಲಿ ಬೆರೆಯಬಹುದು, ಅರ್ಹ ಬೀಜವನ್ನು ಕೊಂಡ ಪ್ರಮಾಣಕ್ಕಿಂತ ಹೆಚ್ಚಿನ ಸರಕಿನ ಮೇಲೆ ಮುದ್ರೆ ಬೀಳದಿದ್ದರೆ ಸಾಕು. ನನಗೆ ಇದು ಒಪ್ಪಬಹುದಾದ ರಾಜಿ, ಹಣವಾದರೂ ತಲುಪುತ್ತದೆ.

ಊರಿನ ದಾರಿಯೂ ಒಂದಿದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೊಕ್ಕೊ ಉಪಬೆಳೆ. 1973ರಲ್ಲಿ ಹುಟ್ಟಿದ, ಬೆಳೆಗಾರರದೇ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಹಸಿ ಕೊಕ್ಕೊವನ್ನು ಅವರಿಂದಲೇ ಕೊಂಡು ಪುತ್ತೂರಿನಲ್ಲಿ 1986ರಿಂದ ಚಾಕೊಲೇಟ್ ಮಾಡುತ್ತಿದೆ. ಊರಿನದೆಂದ ಮಾತ್ರಕ್ಕೆ ಪ್ರಶ್ನೆಗೆ ವಿನಾಯಿತಿಯಿಲ್ಲ: ತೋಟದ ಕೂಲಿ ಎಷ್ಟೆಂದು ಇಲ್ಲಿಯೂ ಕೇಳಬೇಕು.

ಪೊಟ್ಟಣದ ಮೇಲೆ ಗ್ರಾಹಕರ ದೂರಿನ ವಿಳಾಸವನ್ನು ಮುದ್ರಿಸುವುದು ಭಾರತದಲ್ಲಿ ಕಡ್ಡಾಯ. ಅಲ್ಲಿಗೆ ಎರಡೇ ಸಾಲು ಬರೆಯಿರಿ: ಬೀಜ ಯಾವ ದೇಶದ್ದು, ಬೆಳೆಗಾರನಿಗೆ ಕಿಲೋಗೆ ಎಷ್ಟು ಕೊಟ್ಟಿರಿ. ‘ನಾವು ಸುಸ್ಥಿರತೆಗೆ ಬದ್ಧರು’ ಎಂಬ ಉತ್ತರ ಬಂದರೆ ಅದೇ ಎರಡು ಸಾಲನ್ನು ಮತ್ತೆ ಕಳುಹಿಸಿರಿ.