ಕನ್ನಡ ಬ್ರೈಲ್: ಒಂದೇ ಕೋಡ್ ಮೂರು ಕಡೆ ಓಡಿದ್ದು ಹೇಗೆ

ಕನ್ನಡ ಪಠ್ಯವನ್ನು ಬ್ರೈಲ್ ಚುಕ್ಕಿಗಳಿಗೆ ತಿರುಗಿಸುವ ನನ್ನ ತಂತ್ರಾಂಶಕ್ಕೆ ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಮೂರರಲ್ಲೂ ಒಂದೇ ಕೋಡ್ ಸಾಲದು, ಮೂರು ಸಲ ಬೇರೆ ಬೇರೆ ಬರೆಯಬೇಕು ಎಂದು ಮುಂಬಯಿಯ ಗೆಳೆಯರು ಹೇಳುತ್ತಲೇ ಇದ್ದರು. ಬೇಕಾಗಲಿಲ್ಲ. ನನ್ನ ಸುಮಾರು 2000 ಪದಗಳ ಪರೀಕ್ಷಾ ಪಟ್ಟಿ ಈಗ ಮೂರರಲ್ಲೂ ಚುಕ್ಕಿಗೆ ಚುಕ್ಕಿ ತಾಳೆಯಾಗುತ್ತಿದೆ.

ತಳಪಾಯ, ಪಠ್ಯವನ್ನು ಬ್ರೈಲ್‌ಗೆ ತಿರುಗಿಸುವ ಸಿದ್ಧ ಕೋಡಿನ ಲೈಬ್ರರಿಯಾದ ಲಿಬ್‌ಲೂಯಿ. ಮೊದಲ ಪೆಟ್ಟು ಬಿದ್ದದ್ದು ಅಕ್ಷರದ ಅಗಲದಲ್ಲಿ, ಅಂದರೆ ಒಂದು ಅಕ್ಷರಕ್ಕೆ ಎಷ್ಟು ಬಿಟ್ ಎಂಬುದರಲ್ಲಿ. ಲೈಬ್ರರಿ 16 ಬಿಟ್‌ಗೆ ಬಿಲ್ಡ್ ಆಗಿದ್ದು ನೀವು 32 ಬಿಟ್ ಕಳಿಸಿದರೆ ಅಕ್ಷರಗಳ ನಡುವೆ ಸೊನ್ನೆ ಸೇರಿ ಕಸ ಬರುತ್ತದೆ. ಶುರುವಿನಲ್ಲೇ ಆ ಅಗಲ ಹೇಳುವ ಲೈಬ್ರರಿಯ ಫಂಕ್ಷನ್ ‘ಚಾರ್‌ಸೈಜ್’ ಕೇಳಿ, ಹೊಂದದಿದ್ದರೆ ಅಲ್ಲೇ ನಿಲ್ಲಿಸಿ. ಆಂಡ್ರಾಯ್ಡ್‌ನಲ್ಲಿ ಬ್ರೈಲ್ ನಿಯಮಗಳ ಕೋಷ್ಟಕಗಳು ಆ್ಯಪಿನ ಕಂತೆಯಾದ ಎಪಿಕೆ ಒಳಗೇ ಉಳಿದರೆ ಲೈಬ್ರರಿಗೆ ಸಿಗುವುದಿಲ್ಲ. ಮೊದಲ ಸಲ ತೆರೆದಾಗಲೇ ಆ್ಯಪಿನ ಫೋಲ್ಡರಿಗೆ ನಕಲು ಮಾಡಬೇಕು. ಇಷ್ಟು ತಿಳಿಯಲು ಎರಡು ವಾರ ಹೋಯಿತು.

ನಿಜವಾದ ಗುದ್ದಾಟ ಹಲಂತದ್ದು, ಅಂದರೆ ವ್ಯಂಜನದ ಸ್ವರ ತೆಗೆಯುವ ಚಿಹ್ನೆಯದು. ಯೂನಿಕೋಡ್‌ನಲ್ಲಿ ಅದು ವ್ಯಂಜನದ ನಂತರ, ಭಾರತೀಯ ಭಾಷೆಗಳ ಬ್ರೈಲ್ ಪದ್ಧತಿಯಾದ ಭಾರತಿ ಬ್ರೈಲ್‌ನಲ್ಲಿ ಅದರ ಗುರುತಾದ ಚುಕ್ಕಿ 4 ವ್ಯಂಜನಕ್ಕೆ ಮುಂಚೆ. ಬ್ರೈಲ್‌ನ ಒಂದೊಂದು ಕೋಶದಲ್ಲಿ ಆರು ಚುಕ್ಕಿಗಳಿಗೆ ಜಾಗ, 13 ಎಂದರೆ ಚುಕ್ಕಿ 1 ಮತ್ತು 3. ‘ಅಕ್ಕ’ ಎಂದರೆ 1, 4, 13, 13. ‘ಕ್ಷ’, ‘ಜ್ಞ’ ಒಂಟಿ ಕೋಶಗಳು. ಅವನ್ನು ಮೊದಲೇ ಹಿಡಿದಿಡದಿದ್ದರೆ ಹಲಂತದ ನಿಯಮ ಬಂದು ಒಡೆದುಹಾಕುತ್ತದೆ. ‘ಲಕ್ಷ್ಮಿ’ಯನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ: 123, 4, 12345, 134, 24 ಬಂದರೆ ಸರಿ. ಹಲಂತ, ವ್ಯಂಜನಗಳ ಅದಲುಬದಲನ್ನು ಪಠ್ಯ ಲೈಬ್ರರಿಗೆ ಕೊಡುವ ಮೊದಲೇ ಮಾಡಿದೆ. ಆಗ ಕರ್ಸರ್ ದಾರಿ ತಪ್ಪಿತು, ಚುಕ್ಕಿಗಳು ಏಳುವ ಬ್ರೈಲ್ ಡಿಸ್‌ಪ್ಲೇಯಲ್ಲಿ ಒತ್ತಿದ ಕೋಶ ಒಂದು, ಕರ್ಸರ್ ಹೋಗಿ ನಿಂತದ್ದು ಇನ್ನೊಂದರ ಮೇಲೆ. ಅಕ್ಷರದ ಜೊತೆಗೆ ಸ್ಥಾನದ ಪಟ್ಟಿಯನ್ನೂ ಅದಲುಬದಲು ಮಾಡಿದ ಮೇಲೆ ಸರಿಹೋಯಿತು. ಒತ್ತಕ್ಷರವನ್ನು ಅರ್ಧಕ್ಕೆ ಅಳಿಸಿದಾಗ ಏನಾಗಬೇಕೆಂಬುದಕ್ಕೆ ನನ್ನದೊಂದು ಉಪಾಯವಿದೆ, ಅದನ್ನು ಸದ್ಯಕ್ಕೆ ಬಿಚ್ಚಿಡುವುದಿಲ್ಲ.

ಒಳಗೆ ಬರುವ ಪಠ್ಯವನ್ನೆಲ್ಲ ತುಂಡುಗಳು ಒಂದಾದ ಯೂನಿಕೋಡ್ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ ತನ್ನಿ. ಒಡೆದ ರೂಪದಲ್ಲಿ ‘ಕೋ’ದ ಸ್ವರಚಿಹ್ನೆ ಮೂರು ತುಂಡಾಗಿರುತ್ತದೆ, ಹಾಗೇ ಬಿಟ್ಟರೆ ‘ಕೆ’ ಆದ ಮೇಲೆ ‘ಊ’ ಕೋಶ ಕೈಗೆ ಸಿಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ತಂತ್ರಾಂಶದ ಕಡತಗಳದ್ದು ಬೇರೆಯೇ ತಲೆನೋವು. ಅಲ್ಲಿ ‘ಕರ್ನಾಟಕ’ದ ಅರ್ಕಾವತ್ತು ‘ನಾ’ ಆದ ಮೇಲೆ ಕೂತಿರುತ್ತದೆ, ಅದನ್ನು ಅಕ್ಷರಕ್ಕಿಂತ ಮೊದಲಿಗೆ ತರಬೇಕು.

ಬ್ರೈಲ್ ಬರೆಯುವಾಗ ಒಂದು ಕೋಶದ ಚುಕ್ಕಿಗಳ ಕೀಲಿಗಳನ್ನೆಲ್ಲ ಒಟ್ಟಿಗೆ ಒತ್ತಬೇಕು. ಅದಕ್ಕೆಂದು ಕೀಲಿಮಣೆಗೆ ಹೋದ ದುಡ್ಡು ಈಗಲೂ ನೋಯುತ್ತದೆ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ನಾನ್ನೂರು, ನಾನ್ನೂರೈವತ್ತರಂತೆ ಮೂರು ಕೊಂಡೆ, ಮೂರೂ ದಂಡ. ಅಗ್ಗದವುಗಳಲ್ಲಿ ಕೀಲಿಗಳನ್ನು ಬೇರ್ಪಡಿಸುವ ಡಯೋಡ್ ಇರುವುದಿಲ್ಲ, ಒಟ್ಟಿಗೆ ಒತ್ತಿದ ಕೀಲಿಗಳಲ್ಲಿ ಒಂದೆರಡು ನುಂಗಿಹೋಗುತ್ತವೆ. ಅಂಗಡಿಯಲ್ಲೇ ‘ಢ’ ಹೊಡೆದು ನೋಡಿ: ಆರೂ ಚುಕ್ಕಿ, ಎಸ್ ಡಿ ಎಫ್ ಜೆ ಕೆ ಎಲ್ ಒಟ್ಟಿಗೆ. ಬಂದರೆ ಮಾತ್ರ ಬಿಲ್ ಮಾಡಿಸಿ. ಕೋಶವನ್ನು ಕೀಲಿ ಒತ್ತಿದಾಗ ತೀರ್ಮಾನಿಸಬೇಡಿ, ಎಲ್ಲ ಬೆರಳೂ ಎದ್ದ ಮೇಲೆ ತೀರ್ಮಾನಿಸಿ.

ಆ್ಯಪ್ ಹಾಕಲು ಪ್ಲೇ ಸ್ಟೋರಿಗೆ 25 ಡಾಲರ್ ಒಂದೇ ಸಲ. ಆಪಲ್‌ನದು ವರ್ಷಕ್ಕೆ 99, ಹಾಗಾಗಿ ಐಫೋನ್ ಕೆಲಸವನ್ನು ಮುಂದಕ್ಕೆ ಹಾಕಿದೆ. ಬ್ರೈಲ್ ಮುದ್ರಕವಾದ ಎಂಬಾಸರ್‌ನಲ್ಲಿ ಅರವತ್ತು ಎಪ್ಪತ್ತು ದಪ್ಪ ಹಾಳೆ ಹಾಳಾದವು: ಲಿನಕ್ಸ್‌ನಲ್ಲಿ ಮಾಡಿದ ಬ್ರೈಲ್ ಕಡತವಾದ ಬಿಆರ್‌ಎಫ್‌ನಲ್ಲಿ ಸಾಲಿನ ಕೊನೆಗೆ ಕೆಳಗಿನ ಸಾಲಿಗೆ ಇಳಿಸುವ ಲೈನ್ ಫೀಡ್ ಗುರುತು ಮಾತ್ರ ಇತ್ತು, ಸಾಲುಗಳು ಮೆಟ್ಟಿಲಿನಂತೆ ಇಳಿದವು. ಸಾಲಿನ ಆರಂಭಕ್ಕೆ ಮರಳಿಸುವ ಕ್ಯಾರೇಜ್ ರಿಟರ್ನ್ ಕೂಡ ಹಾಕಿ.

ಮರಾಠಿಯ ಪ್ರಯೋಗವೂ ನಡೆದಿದೆ. ಕೋಶಗಳು ಎರಡು ಭಾಷೆಗೂ ಒಂದೇ, ಲಿಪಿ ಬದಲಿಸಿದರೆ ಸಾಕು ಅಂದುಕೊಂಡಿದ್ದೆ. ಮುಂಬಯಿಯ ರೈಲು ಸ್ಟೇಷನ್ ‘ದಾದರ್’ ಅಡ್ಡ ಬಂತು: ಕನ್ನಡದಲ್ಲಿ ಕೊನೆಯ ‘ರ’ಕ್ಕೆ ಮುಂಚೆ ಚುಕ್ಕಿ 4 ಇದೆ, ಮರಾಠಿ ಬರಹದಲ್ಲಿ ಹಲಂತವೇ ಇಲ್ಲ. ಇದಕ್ಕೆ ನಿಯಮ ಸಾಲದು, ಪದಪಟ್ಟಿಯೇ ಬೇಕು. ಸ್ಟೇಷನ್ ಹೆಸರುಗಳನ್ನು ಕೈಯಾರೆ ಸೇರಿಸುತ್ತಿದ್ದೇನೆ. ಚರ್ಚ್‌ಗೇಟ್‌ನಿಂದ ವಿರಾರ್ ತನಕ ಮುಗಿದಿದೆ, ಸೆಂಟ್ರಲ್ ಲೈನ್ ಬಾಕಿ.