ಡಿಜಿಟಲ್ ಸಾಕ್ಷ್ಯ: ತುಮಕೂರಿನ ತನಿಖಾಧಿಕಾರಿಗಳಿಗೆ ವಿಶ್ವವಿದ್ಯಾಲಯದ ಜೊತೆ ತರಬೇತಿ ನಡೆಸುವ ಬಗೆ

2024ರ ಜುಲೈ 1ರಂದು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಾಯಿತು. ಸಿಸಿಟಿವಿ ತುಣುಕನ್ನು ಪೆನ್‌ಡ್ರೈವಿಗೆ ಹಾಕಿ ಚಾರ್ಜ್‌ಶೀಟಿಗೆ ಲಗತ್ತಿಸಿದರೆ ಸಾಲದು. ಅದರ ಕಲಂ 63(4)ರ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಶ್ ಮೌಲ್ಯ (ಫೈಲಿನ ಒಳಗಿನದರಿಂದ ಲೆಕ್ಕ ಹಾಕುವ, ಬೆರಳಚ್ಚಿನಂಥ ಸಂಕೇತ) ಇರಬೇಕು, ಪ್ರಮಾಣಪತ್ರದ ಭಾಗ ಬಿ-ಗೆ ತಜ್ಞರ ಸಹಿ ಬೀಳಬೇಕು. ಇದನ್ನು ಕಲಿಸಲು ಕಂಪ್ಯೂಟರ್ ಲ್ಯಾಬೂ ಬೇಕು, ಕಾನೂನು ಬಲ್ಲವರೂ ಬೇಕು. ತುಮಕೂರು ವಿಶ್ವವಿದ್ಯಾಲಯ ಊರಲ್ಲೇ ಇದೆ. ಎಲ್ಲದಕ್ಕೂ ಬೆಂಗಳೂರಿಗೆ ಓಡಬೇಕಿಲ್ಲ.

ಪೊಲೀಸರು ಮತ್ತು ವಿಶ್ವವಿದ್ಯಾಲಯದ ನಡುವಿನ ಒಡಂಬಡಿಕೆಗೆ ಕುಲಸಚಿವರು ಮತ್ತು ಎಸ್‌ಪಿ ಸಹಿ ಹಾಕಿ ಫೋಟೋ ತೆಗೆಸಿಕೊಂಡರೆ ಕೆಲಸ ಶುರುವಾಗುವುದಿಲ್ಲ. ಎರಡೂ ಕಡೆ ಒಬ್ಬೊಬ್ಬ ನೋಡಲ್ ಅಧಿಕಾರಿ ಯಾರು, ಗೌರವಧನ ಯಾವ ಲೆಕ್ಕದಿಂದ, ಲ್ಯಾಬ್ ಯಾವ ವಾರ ಖಾಲಿ ಎಂಬುದನ್ನು ಅದರಲ್ಲೇ ಬರೆಯಿಸಿ. ನಡೆಯುತ್ತಿರುವ ಪ್ರಕರಣದ ಫೋನು, ಫೈಲು ತರಗತಿಗೆ ತರಕೂಡದು ಎಂಬ ಷರತ್ತನ್ನು ಮರೆಯಬೇಡಿ. ಅಭ್ಯಾಸಕ್ಕೆ ಹಳೆಯ ಫೋನು, ಒಂದು ಹಳೆಯ ಡಿವಿಆರ್ (ಸಿಸಿಟಿವಿ ದೃಶ್ಯ ದಾಖಲಿಸುವ ಪೆಟ್ಟಿಗೆ) ಸಾಕು.

ಬ್ಯಾಚ್‌ಗೆ 24 ಜನ, ಐದು ದಿನ. ಶಿವರಾತ್ರಿಯ ಸಿದ್ಧಗಂಗಾ ಜಾತ್ರೆ, ಗಣೇಶನ ಹಬ್ಬದ ವಾರಗಳನ್ನು ಬಿಟ್ಟುಬಿಡಿ. ಬಂದೋಬಸ್ತ್ ಬಂದರೆ ಅರ್ಧ ತರಗತಿ ಖಾಲಿ. ಠಾಣೆಗಳು ಅವತ್ತು ಬಿಡುವಾಗಿದ್ದವರನ್ನು ಕಳಿಸಿಬಿಡುತ್ತವೆ. ಹಾಗಾಗದಂತೆ ತನಿಖೆ ಮಾಡುವ ಪಿಎಸ್‌ಐ, ಎಎಸ್‌ಐಗಳ ಹೆಸರು ಹಾಕಿಯೇ ಎಸ್‌ಪಿ ಕಚೇರಿಯಿಂದ ಆದೇಶ ಹೊರಡಲಿ. ಆ ದಿನಗಳಲ್ಲಿ ಕೋರ್ಟಿನಲ್ಲಿ ಅವರ ಸಾಕ್ಷಿ ಇಲ್ಲವೆಂದು ಮೊದಲೇ ನೋಡಿಕೊಳ್ಳಿ.

ಎರಡನೇ ದಿನಕ್ಕೆ ಹೆಚ್ಚು ಹೊತ್ತು ಕೊಡಿ. ಒಂದು ವಿಡಿಯೋ ತುಣುಕಿನ ಎಸ್‌ಎಚ್‌ಎ-256 ಎಂಬ ವಿಧಾನದ ಹ್ಯಾಶ್ ತೆಗೆಸಿ. 64 ಅಕ್ಷರಗಳು ಬರುತ್ತವೆ. ಫೈಲಿನ ಹೆಸರು ಬದಲಿಸಿ ಮತ್ತೆ ತೆಗೆಸಿ: ಅದೇ ಹ್ಯಾಶ್. ಈಗ ಅದನ್ನು ವಾಟ್ಸಾಪ್‌ನಲ್ಲಿ ವಿಡಿಯೋ ಆಗಿಯೇ ಕಳಿಸಿ, ಇಳಿಸಿಕೊಂಡು ತೆಗೆಸಿ: ಬೇರೆಯೇ ಬರುತ್ತದೆ, ಏಕೆಂದರೆ ವಾಟ್ಸಾಪ್ ವಿಡಿಯೋವನ್ನು ಕುಗ್ಗಿಸುತ್ತದೆ. ಸಿಬ್ಬಂದಿ ಗ್ರೂಪಿಗೆ ಬಂದ ತುಣುಕನ್ನೇ ಕೋರ್ಟಿಗೆ ಹಾಕಿದರೆ ಏನಾಗುತ್ತದೆಂದು ಆಮೇಲೆ ವಿವರಿಸಬೇಕಾಗುವುದೇ ಇಲ್ಲ.

ಡಿವಿಆರ್ ಪಾಠದಲ್ಲಿ ಗಡಿಯಾರದ ವ್ಯತ್ಯಾಸ ಮುಖ್ಯ. ಡಿವಿಆರ್ ತೋರಿಸುವ ಸಮಯ, ಆ ಕ್ಷಣದ ನಿಜ ಸಮಯ ಎರಡನ್ನೂ ಮಹಜರಿನಲ್ಲಿ ಬರೆಯಬೇಕು. ಡಿಸ್ಕ್ ತುಂಬಿದರೆ ಹಳೆಯ ದೃಶ್ಯದ ಮೇಲೆ ಹೊಸದು ಬೀಳುತ್ತದೆ, ಆದ್ದರಿಂದ ತಡ ಮಾಡುವಂತಿಲ್ಲ. ಅಂಗಡಿಯ ಡಿವಿಆರ್ ಆದರೆ ಪ್ರಮಾಣಪತ್ರದ ಭಾಗ ಎ-ಗೆ ಅದನ್ನು ನೋಡಿಕೊಳ್ಳುವವರ ಸಹಿ. ಗಡಿಬಿಡಿಯಲ್ಲಿ ತನಿಖಾಧಿಕಾರಿಯೇ ಹಾಕಿಬಿಡಬಾರದು.

ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 105ರ ಪ್ರಕಾರ ಶೋಧ, ಜಪ್ತಿಯ ವಿಡಿಯೋ ಚಿತ್ರೀಕರಣವನ್ನು ಒಂದು ಕೋಣೆಯಲ್ಲಿ ಮಾಡಿಸಿ ನೋಡಿ. ಪಂಚರ ಸಹಿ ಚೌಕಟ್ಟಿನಿಂದ ಹೊರಗುಳಿಯುವುದು ಅಲ್ಲೇ ಗೊತ್ತಾಗುತ್ತದೆ.

ಕೊನೆಯ ದಿನ ಅಣಕು ನ್ಯಾಯಾಲಯ. ಕಾನೂನು ಅಧ್ಯಾಪಕರು ಪಾಟೀಸವಾಲು ಮಾಡಲಿ, ಸರ್ಕಾರಿ ಅಭಿಯೋಜಕರು ತಿದ್ದಲಿ. ಮೂರು ತಿಂಗಳಾದ ಮೇಲೆ ಇದೇ ಬ್ಯಾಚಿನವರು ಸಲ್ಲಿಸಿದ 63(4) ಪ್ರಮಾಣಪತ್ರಗಳನ್ನು ಅಭಿಯೋಜಕರಿಂದ ಪರಿಶೀಲಿಸಿ, ಕಂಡ ತಪ್ಪುಗಳಿಂದ ಮುಂದಿನ ಬ್ಯಾಚಿನ ಪಾಠಪಟ್ಟಿ ಮಾಡಿ.