ಬ್ಯಾಂಕಿನ ಪರ ವಕಾಲತ್ತು: ಸರ್ಫೇಸಿ ಪ್ರಕರಣವನ್ನು ನೋಟಿಸಿನಿಂದಲೇ ಗಟ್ಟಿ ಮಾಡುವುದು ಹೇಗೆ?

ಸಾಲ ಕೊಟ್ಟದ್ದೂ ನಿಜ, ಕಂತು ನಿಂತದ್ದೂ ನಿಜ, ಮೂಲಪತ್ರಗಳು ಬ್ಯಾಂಕಿನ ಕಪಾಟಿನಲ್ಲಿರುವುದೂ ನಿಜ. ನ್ಯಾಯಾಲಯಕ್ಕೆ ದಾವೆ ಹೂಡದೆ ಅಡಮಾನದ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ಪಡೆದು ಮಾರಲು ಸರ್ಫೇಸಿ ಕಾಯ್ದೆ ದಾರಿ ಕೊಟ್ಟಿದೆ. ಆದರೂ ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ಬ್ಯಾಂಕು ಸೋತು ಬರುವುದನ್ನು ನೋಡುತ್ತಲೇ ಇದ್ದೇನೆ. ವಕೀಲರ ಕೈಗೆ ಕಡತ ಬರುವುದು ಸಾಲಗಾರ ನ್ಯಾಯಮಂಡಳಿಗೆ ಹೋದ ಮೇಲೆ. ಅಷ್ಟರಲ್ಲಿ ಶಾಖೆಯಿಂದ ಹೊರಟ ನೋಟಿಸು ಮಾಡಬೇಕಾದ ಅನಾಹುತವನ್ನೆಲ್ಲ ಮಾಡಿ ಮುಗಿಸಿರುತ್ತದೆ. ಬ್ಯಾಂಕಿನ ಪರ ಹೊಸದಾಗಿ ವಕಾಲತ್ತು ಹಿಡಿದವರು ನೋಟಿಸಿಗೆ ಮುಂಚೆಯೇ ಕಡತ ಕೇಳಬೇಕು. ಸಹಕಾರಿ ಬ್ಯಾಂಕುಗಳ ವಸೂಲಾತಿ ಅಧಿಕಾರಿಗಳೂ ಇದನ್ನು ಓದಲಿ. 2002ರ ಸರ್ಫೇಸಿ ಕಾಯ್ದೆ ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿಯಾಗಿದೆ.

ಮೊದಲು, ಕಾಯ್ದೆ ಈ ಸಾಲಕ್ಕೆ ಹೊಂದುತ್ತದೆಯೇ ನೋಡಿ. ಖಾತೆ ಎನ್‌ಪಿಎ, ಅಂದರೆ ಕಂತು ನಿಂತ ವಸೂಲಾಗದ ಸಾಲ, ಆಗಿರಬೇಕು. ಸಾಲ ಒಂದು ಲಕ್ಷ ರೂಪಾಯಿ ಮೀರಿರಬೇಕು. ಬಾಕಿಯು ಅಸಲು ಮತ್ತು ಬಡ್ಡಿಯ ಶೇ 20ಕ್ಕಿಂತ ಕಡಿಮೆ ಇರಕೂಡದು. ಕೃಷಿ ಜಮೀನಿನ ಅಡಮಾನಕ್ಕೆ ಸೆಕ್ಷನ್ 31 ರಕ್ಷಣೆ ಕೊಡುತ್ತದೆ; ಆದ್ದರಿಂದ ಪಹಣಿ ಮತ್ತು ಭೂಪರಿವರ್ತನೆ ಆದೇಶ ಎರಡನ್ನೂ ತರಿಸಿಕೊಳ್ಳಿ. ಅಡಮಾನವು ಕೇಂದ್ರದ ಅಡಮಾನ ನೋಂದಣಿ ಸಂಸ್ಥೆಯಾದ ಸೆರ್ಸಾಯ್‌ನಲ್ಲಿ ನೋಂದಣಿಯಾಗಿದೆಯೇ ಎಂಬುದನ್ನು ಅಂದೇ ಪರಿಶೀಲಿಸಿ. ನೋಂದಣಿ ಇಲ್ಲದೆ ಮುಂದಿನ ಹೆಜ್ಜೆ ಇಡುವಂತಿಲ್ಲ.

ಇನ್ನು ಸೆಕ್ಷನ್ 13(2)ರ ನೋಟಿಸು. ಎಡವುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ಅವಸರ ಬೇಡ. ಸಾಲಗಾರನಿಗೆ 60 ದಿನ ಕೊಡುವ ಈ ನೋಟಿಸಿನಲ್ಲಿ ಬಾಕಿಯ ವಿವರವೂ ಅಡಮಾನ ಆಸ್ತಿಯ ವಿವರವೂ ಇರಲೇಬೇಕು. ಬಾಕಿ ಎಂದರೆ ಒಂದು ಮೊತ್ತ ಬರೆದು ಸಹಿ ಹಾಕುವುದಲ್ಲ. ಅಸಲು ಎಷ್ಟು, ಬಡ್ಡಿ ಎಷ್ಟು, ದಂಡಶುಲ್ಕ ಎಷ್ಟು, ಯಾವ ತಾರೀಖಿನವರೆಗೆ ಎಂದು ಬಿಡಿಸಿ ಬರೆಯಿರಿ. ಅದೇ ಅಂಕಿ ಲೆಕ್ಕಪಟ್ಟಿಯಲ್ಲೂ ಇರಬೇಕು. ನೋಟಿಸಿನಲ್ಲೊಂದು, ಪಟ್ಟಿಯಲ್ಲೊಂದು ಇದ್ದರೆ ಎದುರು ವಕೀಲರು ಬೇರೆ ವಾದ ಹುಡುಕಬೇಕಾಗಿಯೇ ಇಲ್ಲ.

ಆಸ್ತಿಯ ಷೆಡ್ಯೂಲನ್ನು ನೋಂದಾಯಿತ ಪತ್ರದಿಂದ ನೀವೇ ನಕಲು ಮಾಡಿ. ಪತ್ರದಲ್ಲಿ ‘ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ನಿವೇಶನ ಸಂಖ್ಯೆ 14’ ಎಂದಿದ್ದು, ನೋಟಿಸಿನಲ್ಲಿ ಅದೇ ಚೆಕ್ಕುಬಂದಿ ತಿರುವುಮುರುವಾಗಿದ್ದರೆ ನೀವು ಪಕ್ಕದವರ ಮನೆಗೆ ಬೀಗ ಹಾಕಲು ಹೊರಟಂತೆ. ನಿವೇಶನ ಸಂಖ್ಯೆ, ಖಾತಾ ಸಂಖ್ಯೆ, ಅಳತೆ, ನಾಲ್ಕು ದಿಕ್ಕು, ಎಲ್ಲವನ್ನೂ ಬೆರಳಿಟ್ಟು ತಾಳೆ ನೋಡಿ. ಕಂಪ್ಯೂಟರ್ ತಂತ್ರಾಂಶ ರಾಶಿಗಟ್ಟಲೆ ಉಗುಳುವ ನೋಟಿಸುಗಳನ್ನು ನಾನು ಒಪ್ಪುವುದೇ ಇಲ್ಲ. ಅವುಗಳಲ್ಲಿ ಹಿಂದಿನ ಸಾಲಗಾರನ ಹೆಸರು ಉಳಿದುಬಿಟ್ಟಿರುವುದು ಹೊಸ ಸಂಗತಿಯೇನಲ್ಲ.

ಸಹಸಾಲಗಾರ, ಜಾಮೀನುದಾರ, ಆಸ್ತಿ ಒತ್ತೆ ಇಟ್ಟ ಬಂಧು, ತೀರಿಕೊಂಡವರಿದ್ದರೆ ಅವರ ವಾರಸುದಾರರು, ಪ್ರತಿಯೊಬ್ಬರಿಗೂ ಪ್ರತ್ಯೇಕ ನೋಟಿಸು ಹೋಗಲಿ. ಸಹಿ ಈ ಕಾಯ್ದೆಯಡಿ ಬ್ಯಾಂಕು ನೇಮಿಸಿದ ಅಧಿಕೃತ ಅಧಿಕಾರಿಯದೇ ಆಗಿರಬೇಕು. ರಜೆಯಲ್ಲಿದ್ದಾರೆಂದು ಶಾಖೆಯ ಬೇರೊಬ್ಬರಿಂದ ಹಾಕಿಸಬಾರದು. ಕಾಗದದಲ್ಲಿರುವ ಎಲ್ಲ ವಿಳಾಸಗಳಿಗೂ ಕಳಿಸಿ, ಸ್ವೀಕೃತಿ ಚೀಟಿಗಳನ್ನು ಲಕೋಟೆ ಸಹಿತ ಇಟ್ಟುಕೊಳ್ಳಿ. ಬಾಗಿಲಿಗೆ ಅಂಟಿಸುವುದು, ಪತ್ರಿಕೆಯಲ್ಲಿ ಪ್ರಕಟಿಸುವುದು ಸಾಲಗಾರ ತಪ್ಪಿಸಿಕೊಳ್ಳುತ್ತಿದ್ದಾನೆ ಅಥವಾ ಬೇರೆ ಕಾರಣದಿಂದ ನೋಟಿಸು ತಲುಪಿಸಲಾಗದು ಎಂದು ನಂಬಲು ಕಾರಣವಿದ್ದಾಗ ಮಾತ್ರ. ಅಂಚೆಯನ್ನು ಬಿಟ್ಟು ನೇರವಾಗಿ ಅಂಟಿಸಲು ಓಡುವ ಅಡ್ಡದಾರಿ ಬೇಡ. 60 ದಿನವನ್ನು ಕೊನೆಯ ವ್ಯಕ್ತಿಗೆ ನೋಟಿಸು ತಲುಪಿದ ದಿನದಿಂದ ಎಣಿಸಿ. ಕಾಯ್ದೆ ನೋಟಿಸಿನ ದಿನಾಂಕದಿಂದ ಎನ್ನುತ್ತದೆ, ಹಾಗಿದ್ದರೂ ಕೆಲವು ದಿನ ಹೆಚ್ಚು ಕಾದು ಕೆಟ್ಟವರಿಲ್ಲ. ಕನ್ನಡದಲ್ಲೂ ಒಂದು ಪ್ರತಿ ಲಗತ್ತಿಸಿ. ಮನೆ ಕಳೆದುಕೊಳ್ಳುವ ಭಯದಲ್ಲಿರುವ ಮನುಷ್ಯನಿಗೆ ತನ್ನ ಮೇಲೆ ಏನು ಆರೋಪವಿದೆ ಎಂದು ಅರ್ಥವಾಗಲೇಬೇಕು.

ಸಾಲಗಾರ ಆಕ್ಷೇಪಣೆ ಬರೆದರೆ 15 ದಿನದೊಳಗೆ ಕಾರಣ ಸಹಿತ ಉತ್ತರ ಹೋಗಬೇಕು. ಇದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ‘ನಿಮ್ಮ ಮನವಿ ಪರಿಶೀಲಿಸಿ ತಿರಸ್ಕರಿಸಲಾಗಿದೆ’ ಎಂಬ ಒಂದು ಸಾಲು ಉತ್ತರವಲ್ಲ. ಬಡ್ಡಿಯ ಲೆಕ್ಕ ತಪ್ಪು ಎಂದಿದ್ದರೆ ಲೆಕ್ಕ ತೋರಿಸಿ. ಕಟ್ಟಿದ ಹಣ ಜಮೆಯಾಗಿಲ್ಲ ಎಂದಿದ್ದರೆ ಜಮೆಯಾದ ದಿನ ಬರೆಯಿರಿ. ಅವರ ಮಾತಿನಲ್ಲಿ ಹುರುಳಿದ್ದರೆ ಒಪ್ಪಿಕೊಂಡು ಹೊಸ ನೋಟಿಸು ಕೊಡುವಂತೆ ಬ್ಯಾಂಕಿಗೆ ಸ್ಪಷ್ಟವಾಗಿ ಹೇಳಿ. ಕಕ್ಷಿದಾರರಿಗೆ ಕಹಿ ಹೇಳಲಾರದ ವಕೀಲ ಅವರಿಗೆ ನಷ್ಟವನ್ನೇ ತರುತ್ತಾನೆ.

60 ದಿನ ಕಳೆದೂ ಬಾಕಿ ಬರದಿದ್ದರೆ ಮುಂದಿನ ಹೆಜ್ಜೆ ಆಸ್ತಿಯ ಸ್ವಾಧೀನ. ಸ್ವಾಧೀನದ ನೋಟಿಸನ್ನು ಸಾಲಗಾರನಿಗೆ ತಲುಪಿಸಿ, ಆಸ್ತಿಯ ಮೇಲೂ ಅಂಟಿಸಿ. ಸ್ವಾಧೀನಕ್ಕೆ ಪಡೆದ 7 ದಿನದೊಳಗೆ ಎರಡು ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಿಸಿ. ಒಂದು ಸ್ಥಳೀಯ ಭಾಷೆಯದಿರಲಿ. ಅಗ್ಗವೆಂದು ಯಾರೂ ಓದದ ಪತ್ರಿಕೆ ಹಿಡಿಯಬೇಡಿ. ಮನೆ ಬಿಟ್ಟುಕೊಡದಿದ್ದರೆ ಸೆಕ್ಷನ್ 14ರಡಿ ಜಿಲ್ಲಾಧಿಕಾರಿ ಅಥವಾ ಮುಖ್ಯ ಜುಡಿಷಿಯಲ್ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಅದರ ಜೊತೆಗಿನ ಪ್ರಮಾಣಪತ್ರದಲ್ಲಿ 60 ದಿನದ ನೋಟಿಸು ಜಾರಿಯಾದದ್ದು, ಆಕ್ಷೇಪಣೆಗೆ ಉತ್ತರ ಕೊಟ್ಟದ್ದು ಎಲ್ಲವನ್ನೂ ಅಧಿಕಾರಿ ಘೋಷಿಸಬೇಕು. ಹಿಂದಿನ ಕೆಲಸ ಸರಿಯಿದ್ದರೆ ಇದು ಒಂದು ಮಧ್ಯಾಹ್ನದ ಕೆಲಸ.

ಬ್ಯಾಂಕಿನ ಈ ಕ್ರಮವನ್ನು ಪ್ರಶ್ನಿಸಿ ಸಾಲ ವಸೂಲಾತಿ ನ್ಯಾಯಮಂಡಳಿಗೆ 45 ದಿನದೊಳಗೆ ಸಾಲಗಾರನಿಗೆ ಸೆಕ್ಷನ್ 17ರ ಅರ್ಜಿ ಹಾಕುವ ಹಕ್ಕಿದೆ. ತಡೆಯಾಜ್ಞೆ ನಿಮಗೆ ತಿಳಿಯದೆ ಬರದಂತೆ ಸೆಕ್ಷನ್ 18ಸಿ ಅಡಿ ಕೇವಿಯಟ್ ಹಾಕಿಡಿ. ಅದು 90 ದಿನ ಊರ್ಜಿತ. ಸಾಲಗಾರನ ಅರ್ಜಿಗೆ ಕೊಡುವ ಉತ್ತರದ ಜೊತೆ 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯಂತೆ ದೃಢೀಕರಿಸಿದ ಲೆಕ್ಕಪಟ್ಟಿ ಇರಲಿ. ಬಾಡಿಗೆದಾರರಿದ್ದರೆ ಅವರ ಕರಾರಿನ ದಿನಾಂಕವನ್ನು ಅಡಮಾನದ ದಿನಾಂಕದ ಪಕ್ಕ ಇಟ್ಟು, ಯಾವುದು ಮೊದಲಿನದು ಎಂದು ನೋಡಿ.

ಹರಾಜಿಗೆ ಮುಂಚೆ ಅನುಮೋದಿತ ಮೌಲ್ಯಮಾಪಕರ ವರದಿ ಮತ್ತು ಮಾರಾಟಕ್ಕೆ 30 ದಿನಗಳ ನೋಟಿಸು ಬೇಕು. ಹರಾಜಿನ ಪ್ರಕಟಣೆಗೆ ಮುಂಚೆ ಸಾಲಗಾರ ಪೂರ್ಣ ಬಾಕಿ ತಂದರೆ ಸ್ವೀಕರಿಸಲೇಬೇಕು. ಮಾರಾಟದ ಹಣದಲ್ಲಿ ವೆಚ್ಚ ಮತ್ತು ಬಾಕಿ ಕಳೆದು ಉಳಿದದ್ದನ್ನು ಸೆಕ್ಷನ್ 13(7)ರಂತೆ ಅರ್ಹರಿಗೆ ಹಿಂದಿರುಗಿಸಿ, ಅದರ ರಸೀದಿಯನ್ನು ಕಡತಕ್ಕೆ ಸೇರಿಸಿ.